ಬಾಳೆಹಣ್ಣು ಪನೀರ್ ಕೇಕ್ ನಡುವೆ ಹಲ್ವಾ ಆಗುವುದು ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ವಾರಕ್ಕೆ ಒಂದು ಸಲವಾದರೂ ಬಾಳೆಹಣ್ಣು ಕಪ್ಪಾಗಿ ಉಳಿಯುತ್ತದೆ. ಬಾಳೆಹಣ್ಣು, ಕಾಟೇಜ್ ಚೀಸ್ ಹಾಕಿದ ಮೊಟ್ಟೆಯಿಲ್ಲದ ಕೇಕ್ ಮಕ್ಕಳಿಗೆ ಒಳ್ಳೆಯದು ಅಂತ ಕೇಳಿ ಎರಡು ಸಲ ಮಾಡಿದೆ. ಕಾಟೇಜ್ ಚೀಸ್ ಅಂದರೆ ಪನೀರ್ ತಾನೇ ಅಂದುಕೊಂಡು ಮೊದಲ ಸಲ ಅಂಗಡಿ ಪನೀರ್ ತುರಿದು ಹಾಕಿದೆ. ಕೇಕ್ ಒಣಗಿತ್ತು, ನಡುನಡುವೆ ರಬ್ಬರ್ ಚೂರಿನ ಹಾಗೆ ಪನೀರ್ ಸಿಗುತ್ತಿತ್ತು. ಎರಡನೇ ಸಲ ಮನೆಯಲ್ಲೇ ಹಾಲು ಒಡೆಸಿ ಹಾಕಿದೆ. ಮೇಲೆ ಚೆನ್ನಾಗಿ ಕೆಂಪಾಯಿತು. ಕತ್ತರಿಸಿದರೆ ನಡುವೆ ಹಲ್ವಾ, ತಳದಲ್ಲಿ ಅಂಟು. ಓಟಿಜಿಯಲ್ಲಿ 180 ಡಿಗ್ರಿಗೆ 35 ನಿಮಿಷ ಇಟ್ಟಿದ್ದೆ. ಓವನ್ ಕೆಟ್ಟಿದೆಯಾ? ಮಗನ ಡಬ್ಬಿಗೆ ಹಾಕುವ ಹಾಗೆ ಮಾಡುವುದು ಹೇಗೆ? ಅತ್ತೆಗೆ ಶುಗರ್ ಇದೆ, ಅವರಿಗೂ ಒಂದು ತುಂಡು ಕೊಡಬಹುದಾ?

ಉತ್ತರ: ಓವನ್ ಕೆಟ್ಟಿಲ್ಲ. ನಿಮ್ಮ ಎರಡೂ ಕೇಕ್ ಹಾಳಾಗಿದ್ದು ನೀರಿನಿಂದ. ಮೊದಲನೆಯದಕ್ಕೆ ನೀರು ಸಾಲಲಿಲ್ಲ, ಎರಡನೆಯದಕ್ಕೆ ಹೆಚ್ಚಾಯಿತು. ನಾವು ಹಿಟ್ಟು, ಸಕ್ಕರೆ, ಎಣ್ಣೆ ಎಲ್ಲ ಅಳೆಯುತ್ತೇವೆ. ಬಾಳೆಹಣ್ಣಿನೊಳಗೆ, ಪನೀರಿನೊಳಗೆ ಅಡಗಿ ಕೂತ ನೀರನ್ನು ಯಾರೂ ಅಳೆಯುವುದಿಲ್ಲ. ಆಮೇಲೆ ಓವನ್‌ಗೆ ಬೈಯುತ್ತೇವೆ.

ಕಾಟೇಜ್ ಚೀಸ್ ಮತ್ತು ಪನೀರ್ ಒಂದೇ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹೋಟೆಲ್ ಮೆನುಗಳಲ್ಲೂ ಹಾಗೇ ಬರೆದಿರುತ್ತಾರೆ. ಎರಡೂ ಒಡೆದ ಹಾಲೇ, ನಿಜ. ಆದರೆ ಅಮೆರಿಕ, ಯುರೋಪಿನಲ್ಲಿ ಡಬ್ಬಿಯಲ್ಲಿ ಸಿಗುವ ಕಾಟೇಜ್ ಚೀಸ್ ಒದ್ದೆಯಾದ ಕಾಳು ಕಾಳಿನ ಮೊಸರಿನ ಹಾಗಿರುತ್ತದೆ. ಅದರ ತೂಕದಲ್ಲಿ ಶೇ 80ರಷ್ಟು ಬರೀ ನೀರು. ಪನೀರನ್ನು ನಾವು ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರ ಹೇರಿ ನೀರು ಹಿಂಡುತ್ತೇವೆ. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಪನೀರಿನಲ್ಲಿ ನೀರಿನಂಶ ಶೇ 60 ಮೀರುವಂತಿಲ್ಲ. ಅಲ್ಲಿಯವರು 200 ಗ್ರಾಂ ಕಾಟೇಜ್ ಚೀಸ್ ಹಾಕಿದರೆ ಅದರ ಜೊತೆಗೇ 160 ಗ್ರಾಂ ನೀರು ಹೋಗುತ್ತದೆ. ನೀವು 200 ಗ್ರಾಂ ಪನೀರ್ ಹಾಕಿದಾಗ 120 ಗ್ರಾಂಗಿಂತ ಕಡಿಮೆ ಹೋಯಿತು. ಅದೂ ಪನೀರಿನೊಳಗೇ ಬಿಗಿಯಾಗಿ ಕೂತ ನೀರು, ಹಿಟ್ಟಿಗೆ ಸುಲಭವಾಗಿ ಸಿಗುವುದಿಲ್ಲ.

ಇನ್ನೊಂದು ವಿಷಯ. ಹುಳಿ ಹಾಕಿ ಒಡೆಸಿದ ಹಾಲಿನ ಗಟ್ಟಿ ಬಿಸಿಗೆ ಕರಗುವುದಿಲ್ಲ. ಪಿಜ್ಜಾ ಮೇಲಿನ ಚೀಸ್ ಕರಗುತ್ತದೆ, ಪಾಲಕ್ ಪನೀರಿನ ತುಂಡು ಎಷ್ಟು ಕುದಿಸಿದರೂ ಚೌಕವಾಗಿಯೇ ಇರುತ್ತದೆ, ಅಲ್ವಾ? ಕೇಕ್‌ನಲ್ಲೂ ಅದೇ ಕಥೆ. ತುರಿದ ಪನೀರ್ ಓವನ್‌ನ ಬಿಸಿಗೆ ಇದ್ದ ನೀರನ್ನೂ ಬಿಟ್ಟುಕೊಟ್ಟು ಇನ್ನಷ್ಟು ಗಟ್ಟಿಯಾಗುತ್ತದೆ. ನಿಮಗೆ ಸಿಕ್ಕ ರಬ್ಬರ್ ಚೂರು ಅದೇ. ಹಾಗಾಗಿ ಪನೀರನ್ನು ತುರಿಯಬೇಡಿ, ಅರೆಯಿರಿ.

ಎರಡನೇ ಸಲದ ಅಳತೆ ನೀವು ಬರೆದಿಲ್ಲ. ನನ್ನ ತರಗತಿಗೆ ಬರುವವರು ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂತ ಹೇಳುತ್ತೇನೆ. ಹಾಲು ಒಡೆಸಿ, ಜರಡಿಯಲ್ಲಿ ಐದು ನಿಮಿಷ ಸೋಸಿ, ಹಾಗೇ ಬಟ್ಟಲಿಗೆ ಹಾಕುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ನೀರೇ. ಜೊತೆಗೆ ಮೂರು ದೊಡ್ಡ ಪಚ್ಚಬಾಳೆ. ಬಾಳೆಹಣ್ಣಿನ ತಿರುಳಿನಲ್ಲೂ ಮುಕ್ಕಾಲು ಪಾಲು ನೀರು. ಎಲ್ಲ ಸೇರಿದರೆ ಹತ್ತಿರ ಹತ್ತಿರ ಎರಡು ಲೋಟ ನೀರು ಸುರಿದ ಹಾಗಾಯಿತು. ಒಂದು ಕಪ್ ಹಿಟ್ಟು ಅದನ್ನು ಹೇಗೆ ತಾಳಿಕೊಳ್ಳುತ್ತದೆ? ಹೆಚ್ಚಾದ ನೀರಿನಲ್ಲಿ ಹಿಟ್ಟು ಬೆಂದು ಗಂಜಿಯಾಗುತ್ತದೆ, ಸೋಡಾದಿಂದ ಬಂದ ಗಾಳಿಗುಳ್ಳೆ ನಿಲ್ಲದೆ ತಳಕ್ಕೆ ಕುಸಿಯುತ್ತದೆ. ನೀವು ಹಲ್ವಾ ಅಂದಿದ್ದು ಸರಿಯಾದ ಮಾತೇ. ಹಲ್ವಾ ಮಾಡುವುದೂ ಹೀಗೇ ತಾನೇ!

ನನಗೂ ಆಗಿದೆ. ಒಮ್ಮೆ ಸತ್ಯನಾರಾಯಣ ಪೂಜೆ ಮುಗಿದ ಮೇಲೆ ಎರಡು ಚಿಪ್ಪು ಹಣ್ಣು ಉಳಿದಿತ್ತು. ಸುಮ್ನೆ ಯಾಕೆ ಬಿಸಾಡುವುದು ಅಂತ ಕೇಕ್‌ಗೆ ಅಳತೆಗಿಂತ ಎರಡು ಪಟ್ಟು ಹಣ್ಣು ಹಾಕಿದೆ. ಒಂದೂವರೆ ಗಂಟೆ ಬೇಯಿಸಿದರೂ ನಡುಭಾಗ ಅಲುಗಾಡುತ್ತಿತ್ತು. ಕೊನೆಗೆ ಬಾಣಲೆಗೆ ಹಾಕಿ ತುಪ್ಪ ಬಿಟ್ಟು ಗೊಟಾಯಿಸಿ ಹಲ್ವಾ ಅಂತಲೇ ಕೊಟ್ಟೆ. ಯಾರಿಗೂ ಗೊತ್ತಾಗಲಿಲ್ಲ.

ಈ ನೀರಿನ ಸಮಸ್ಯೆಗೆ ಪರಿಹಾರ ಹೊಸದೇನಲ್ಲ. ಒಡಿಶಾದ ನಯಾಗಢ ಕಡೆಯ ಛೆನಾ ಪೋಡ ತಿಂದಿದ್ದೀರಾ? ಒಡೆದ ಹಾಲಿನ ಗಟ್ಟಿ, ಸಕ್ಕರೆ, ಏಲಕ್ಕಿ ಸೇರಿಸಿ, ಎಲೆಯಲ್ಲಿ ಸುತ್ತಿ ಕೆಂಡದಲ್ಲಿ ನಿಧಾನಕ್ಕೆ ಸುಡುವ ತಿಂಡಿ. ಅದಕ್ಕೆ ಒಂದಿಷ್ಟು ರವೆ ಬೆರೆಸುತ್ತಾರೆ. ಅತ್ತ ರಷ್ಯಾದಲ್ಲಿ ತ್ವೊರೊಗ್ ಅಂತ ಇದೇ ತರಹದ ಒಡೆದ ಹಾಲಿನ ಗಟ್ಟಿಯನ್ನು ಓವನ್‌ನಲ್ಲಿ ಬೇಯಿಸಿ ಮಕ್ಕಳಿಗೆ ಕೊಡುತ್ತಾರೆ. ಅದಕ್ಕೂ ರವೆ! ಒಬ್ಬರನ್ನೊಬ್ಬರು ನೋಡದ ಎರಡು ಊರಿನ ಅಡುಗೆಮನೆಗಳು ಒಂದೇ ಉತ್ತರಕ್ಕೆ ಬಂದಿವೆ. ಕಾರಣ ಸರಳ. ಒಡೆದ ಹಾಲು ಬಿಡುವ ನೀರನ್ನು ರವೆ ಕುಡಿದು ಉಬ್ಬುತ್ತದೆ, ಆದರೆ ಹಿಟ್ಟಿನ ಹಾಗೆ ಅಂಟಾಗುವುದಿಲ್ಲ. ಉಪ್ಪಿಟ್ಟು ಮಾಡುವವರಿಗೆ ರವೆ ಎಷ್ಟು ನೀರು ಕುಡಿಯುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ನಮ್ಮ ಕರಾವಳಿಯ ಬನ್ಸ್ ಕೂಡ ಇದೇ ಬಳಗದ್ದು. ಬಾಳೆಹಣ್ಣು, ಹುಳಿ ಮೊಸರು, ಸೋಡಾ, ಮೈದಾ. ಹಿಟ್ಟು ಕಲಸಿ ರಾತ್ರಿಯಿಡೀ ಬಿಡುತ್ತಾರೆ. ಆಗ ಹಿಟ್ಟು ಹಣ್ಣಿನ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಮಂಗಳೂರು ಬನ್ಸ್ ಚೆನ್ನಾಗಿ ಬರುವ ಕೈಗೆ ಈ ಕೇಕ್ ಕಷ್ಟವಲ್ಲ. ಹುಳಿ ಮತ್ತು ಸೋಡಾದ ಆಟ ಎರಡರಲ್ಲೂ ಒಂದೇ.

ಈಗ ಹಣ್ಣಿನ ವಿಷಯ. ಏಲಕ್ಕಿ ಬಾಳೆ ನನ್ನ ಮೊದಲ ಆಯ್ಕೆ. ತಿರುಳು ಗಟ್ಟಿ, ಸಿಹಿಯ ಜೊತೆ ಸ್ವಲ್ಪ ಹುಳಿ, ಆ ಹುಳಿ ಸೋಡಾಕ್ಕೆ ಬೇಕು. ಸಿಪ್ಪೆ ಬಿರಿದು ಕಪ್ಪು ಚುಕ್ಕೆ ತುಂಬಿದ ಹಣ್ಣೇ ಆಗಬೇಕು. ವರಮಹಾಲಕ್ಷ್ಮಿ, ಗೌರಿ ಗಣೇಶ ಹಬ್ಬದ ಹಿಂದಿನ ದಿನ ಅದರ ಬೆಲೆ ಕೇಳಬೇಡಿ. ಹಬ್ಬ ಮುಗಿದ ಮೂರನೇ ದಿನ ಕೇಕ್ ಮಾಡಿ. ಪಚ್ಚಬಾಳೆಯೂ ಆಗುತ್ತದೆ, ಪರಿಮಳ ಚೆನ್ನಾಗಿರುತ್ತದೆ, ನೀರು ಮಾತ್ರ ಜಾಸ್ತಿ. ನೇಂದ್ರ ಬಾಳೆ ಪೂರ್ತಿ ಕಪ್ಪಾಗದಿದ್ದರೆ ಹಿಟ್ಟು ಹಿಟ್ಟಾಗಿರುತ್ತದೆ. ಅದನ್ನು ಹಬೆಯಲ್ಲಿ ಬೇಯಿಸಿ ಮಸೆಯಿರಿ. ನಂಜನಗೂಡು ರಸಬಾಳೆ ಎಲ್ಲಾದರೂ ಸಿಕ್ಕರೆ ದಯವಿಟ್ಟು ಕೇಕ್‌ಗೆ ಹಾಕಬೇಡಿ. ಸೊರಗು ರೋಗದಿಂದ ಆ ತೋಟಗಳೇ ಕಡಿಮೆಯಾಗಿವೆ. ಹಾಗೇ ಕೂತು ತಿನ್ನಿ.

ಹಣ್ಣು ಕಾಯಿಯಿದ್ದಾಗ ಅದರ ತುಂಬ ಪಿಷ್ಟ. ಹಣ್ಣಾಗುತ್ತಾ ಅದೇ ಪಿಷ್ಟ ಸಕ್ಕರೆಯಾಗುತ್ತದೆ. ಅದಕ್ಕೆ ದಿನಗಳು ಬೇಕು. ಓವನ್‌ನಲ್ಲಿ ಹದಿನೈದು ನಿಮಿಷ ಇಟ್ಟು ಸಿಪ್ಪೆ ಕಪ್ಪು ಮಾಡುವ ಉಪಾಯ ಕೆಲವರು ಹೇಳುತ್ತಾರೆ. ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಮೆತ್ತಗಾಗುತ್ತದೆ, ಸಿಹಿ ಮಾತ್ರ ಚೆನ್ನಾಗಿ ಮಾಗಿದ ಹಣ್ಣಿನಷ್ಟು ಬರುವುದಿಲ್ಲ. ಅದರ ಬದಲು ಹಣ್ಣು ಕಪ್ಪಾದಾಗಲೆಲ್ಲ ಸಿಪ್ಪೆ ತೆಗೆದು ಫ್ರೀಜರ್‌ನಲ್ಲಿ ಡಬ್ಬಿಗೆ ಹಾಕುತ್ತಾ ಹೋಗಿ. ಬಳಸುವ ದಿನ ಹೊರಗಿಟ್ಟರೆ ಅದು ಕಂದು ನೀರು ಬಿಡುತ್ತದೆ. ಆ ನೀರಿನಲ್ಲಿ ಸಕ್ಕರೆಯೂ ಪರಿಮಳವೂ ಇರುತ್ತದೆ. ಚೆಲ್ಲಬೇಡಿ, ಪುಟ್ಟ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಮತ್ತೆ ಹಣ್ಣಿಗೆ ಸೇರಿಸಿ. ಸಕ್ಕರೆ ಕಡಿಮೆ ಹಾಕಬೇಕೆಂದರೆ ಇದು ಬಹಳ ಉಪಯೋಗ.

ಹಾಲು ಒಡೆಸುವುದರಲ್ಲಿ ಅವಸರ ಬೇಡ. ಒಂದು ಲೀಟರ್ ಹಾಲನ್ನು ಒಂದು ಕುದಿ ಬರಿಸಿ ಒಲೆ ಆರಿಸಿ. ಮೂರು ನಾಲ್ಕು ನಿಮಿಷ ಬಿಡಿ. ಕುದಿಯುತ್ತಿರುವಾಗಲೇ ಹುಳಿ ಸುರಿದರೆ ಗಟ್ಟಿ ಬಿರುಸಾಗುತ್ತದೆ. ಸ್ವಲ್ಪ ಆರಿದ ಮೇಲೆ ಹಾಕಿದರೆ ಮೆತ್ತಗಿರುತ್ತದೆ. ಎರಡು ದೊಡ್ಡ ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ, ಸ್ವಲ್ಪ ಸ್ವಲ್ಪವೇ ಹಾಕುತ್ತಾ ನಿಧಾನಕ್ಕೆ ತಿರುಗಿಸಿ. ತಿಳಿನೀರು ತೆಳು ಹಸಿರು ಬಣ್ಣಕ್ಕೆ ಬಂದ ತಕ್ಷಣ ನಿಲ್ಲಿಸಿ. ನೀರು ಇನ್ನೂ ಹಾಲಿನ ಹಾಗೆ ಬಿಳಿಯಾಗಿದ್ದರೆ ಪೂರ್ತಿ ಒಡೆದಿಲ್ಲ ಅಂತ ಅರ್ಥ. ತೆಳು ಬಟ್ಟೆಯಲ್ಲಿ ಸೋಸಿ, ಗಂಟು ಕಟ್ಟಿ, ನಲ್ಲಿಗೆ ಅರ್ಧ ಗಂಟೆ ನೇತು ಹಾಕಿ. ಹಿಂಡಬೇಡಿ, ಭಾರ ಇಡಬೇಡಿ. ಸಾಧಾರಣ ಟೋನ್ಡ್ ಹಾಲಿನಲ್ಲಿ 160ರಿಂದ 180 ಗ್ರಾಂ ಸಿಗುತ್ತದೆ. ಫುಲ್ ಕ್ರೀಮ್ ಆದರೆ ಇನ್ನೂ ಜಾಸ್ತಿ.

ಅದನ್ನು ತೂಕ ಮಾಡಿ. ಇಷ್ಟೆಲ್ಲ ಹೇಳಿದ್ದರಲ್ಲಿ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ. ಒಂದು ಲೀಟರ್ ಟೋನ್ಡ್ ಹಾಲಿನಿಂದ 250 ಗ್ರಾಂ ಬಂತು ಅಂದರೆ ಖುಷಿ ಪಡಬೇಡಿ. ಆ ಹೆಚ್ಚಿನ 70 ಗ್ರಾಂ ನೀರು. ಇನ್ನೊಂದು ಕಾಲು ಗಂಟೆ ನೇತು ಹಾಕಿ. ಚಿಕ್ಕ ಅಡುಗೆ ತಕ್ಕಡಿ ಇಲ್ಲದಿದ್ದರೆ ಒಂದು ತೆಗೆದುಕೊಳ್ಳಿ. ಕೇಕ್ ಟಿನ್, ಸಿಲಿಕಾನ್ ಬ್ರಷ್ ಇವೆಲ್ಲ ಆಮೇಲೆ.

ಅಂಗಡಿ ಪನೀರೇ ಇದ್ದರೂ ಪರವಾಗಿಲ್ಲ. 120 ಗ್ರಾಂ ಪನೀರನ್ನು ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ನೀರು ಬಸಿದು, ಎರಡು ದೊಡ್ಡ ಚಮಚ ಬೆಚ್ಚಗಿನ ಹಾಲು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ಅರೆಯಿರಿ. ನಮ್ಮವರು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದು ಡಬ್ಬಿ ಕಾಟೇಜ್ ಚೀಸ್ ಬಳಸುವವರಾದರೆ ತದ್ವಿರುದ್ಧ ಕೆಲಸ. 250 ಗ್ರಾಂ ತೆಗೆದುಕೊಂಡು ಬಟ್ಟೆಯಲ್ಲಿ ಕಟ್ಟಿ, 150 ಗ್ರಾಂಗೆ ಇಳಿಯುವವರೆಗೆ ಬಸಿಯಲು ಬಿಡಬೇಕು.

ಅಳತೆ ಹೇಳುತ್ತೇನೆ, ಬರೆದುಕೊಳ್ಳಿ. ಎಂಟು ಇಂಚು ಉದ್ದ, ನಾಲ್ಕು ಇಂಚು ಅಗಲದ ಬ್ರೆಡ್ ಟಿನ್‌ಗೆ ಇದು ಸರಿಹೋಗುತ್ತದೆ. ಸಿಪ್ಪೆ ತೆಗೆದ ಬಾಳೆಹಣ್ಣು 220 ಗ್ರಾಂ, ಅಂದರೆ ಐದು ಏಲಕ್ಕಿ ಬಾಳೆ ಅಥವಾ ಎರಡು ದೊಡ್ಡ ಪಚ್ಚಬಾಳೆ. ಒಡೆದ ಹಾಲಿನ ಗಟ್ಟಿ 150 ಗ್ರಾಂ. ಚಿರೋಟಿ ರವೆ 40 ಗ್ರಾಂ, ಗೋಧಿ ಹಿಟ್ಟು 150 ಗ್ರಾಂ. ಬೆಲ್ಲದ ಪುಡಿ 60 ಗ್ರಾಂ. ಕರಗಿಸಿದ ತುಪ್ಪ ಅಥವಾ ವಾಸನೆಯಿಲ್ಲದ ಎಣ್ಣೆ 50 ಗ್ರಾಂ. ಬೇಕಿಂಗ್ ಪೌಡರ್ ಒಂದೂಕಾಲು ಚಿಕ್ಕ ಚಮಚ, ಸೋಡಾ ಕಾಲು ಚಿಕ್ಕ ಚಮಚ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿ ಪುಡಿ. ಹಾಲು ಒಡೆಸಿದ ತಿಳಿನೀರನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ.

ಒಡೆದ ಹಾಲಿನ ಗಟ್ಟಿ, ಬೆಲ್ಲ, ತುಪ್ಪ ಇಷ್ಟನ್ನು ಮಿಕ್ಸಿಗೆ ಹಾಕಿ ಬೆಣ್ಣೆಯ ಹಾಗೆ ನುಣ್ಣಗೆ ಮಾಡಿ. ಬಾಳೆಹಣ್ಣನ್ನು ಮಿಕ್ಸಿಗೆ ಹಾಕಬೇಡಿ. ಫೋರ್ಕ್‌ನಿಂದ ಮಸೆದರೆ ಸಾಕು, ಸಣ್ಣ ತುಣುಕು ಉಳಿದರೆ ಒಳ್ಳೆಯದೇ. ಎರಡನ್ನೂ ಸೇರಿಸಿ ರವೆ ಹಾಕಿ ಇಪ್ಪತ್ತು ನಿಮಿಷ ಮುಚ್ಚಿಡಿ. ಆ ಹೊತ್ತಿಗೆ ಓಟಿಜಿಯನ್ನು 170 ಡಿಗ್ರಿಗೆ ಕಾಯಿಸಿ. ಗೋಧಿ ಹಿಟ್ಟು, ಬೇಕಿಂಗ್ ಪೌಡರ್, ಸೋಡಾ, ಉಪ್ಪು, ಏಲಕ್ಕಿ ಒಟ್ಟಿಗೆ ಜರಡಿ ಹಿಡಿದು ಕೊನೆಗೆ ಸೇರಿಸಿ. ಹಿಟ್ಟು ಕಾಣದಷ್ಟು ಬೆರೆತರೆ ಸಾಕು. ಜಾಸ್ತಿ ಕಲಸಿದರೆ ಗೋಧಿಯ ಅಂಟು ಎದ್ದು ಕೇಕ್ ಚಪಾತಿ ಹಿಟ್ಟಿನ ಹಾಗೆ ಬಿಗಿಯುತ್ತದೆ. ಸೋಡಾ ಹಾಕಿದ ಮೇಲೆ ಫೋನ್ ಬಂತು ಅಂತ ಹೋಗಬೇಡಿ. ಹುಳಿ ಸೇರಿದ ಕ್ಷಣದಿಂದಲೇ ಅದು ಕೆಲಸ ಶುರು ಮಾಡುತ್ತದೆ.

ಹದ ಹೇಗಿರಬೇಕು? ಇಡ್ಲಿ ಹಿಟ್ಟಿಗಿಂತ ಗಟ್ಟಿ, ಉದ್ದಿನ ವಡೆ ಹಿಟ್ಟಿಗಿಂತ ಸಡಿಲ. ಚಮಚ ಓರೆ ಮಾಡಿದರೆ ಹರಿಯಬಾರದು, ಕೊಡವಿದರೆ ಮುದ್ದೆಯಾಗಿ ಬೀಳಬೇಕು. ಗಟ್ಟಿ ಅನ್ನಿಸಿದರೆ ತಿಳಿನೀರನ್ನು ಒಂದೊಂದೇ ಚಮಚ ಹಾಕಿ. ಒಂದೊಂದು ಊರಿನ ಗೋಧಿ ಒಂದೊಂದು ತರಹ ನೀರು ಕುಡಿಯುತ್ತದೆ, ಹಾಗಾಗಿ ಇದನ್ನು ಕಣ್ಣಲ್ಲೇ ನೋಡಬೇಕು. ಉಳಿದ ತಿಳಿನೀರಿನಲ್ಲಿ ಚಪಾತಿ ಹಿಟ್ಟು ಕಲಸಿ, ಸಾರಿಗೂ ಹಾಕಬಹುದು.

ಬೇಯಿಸುವುದು 45ರಿಂದ 55 ನಿಮಿಷ. ನೀವು 180ರಲ್ಲಿ 35 ನಿಮಿಷಕ್ಕೆ ತೆಗೆದಿದ್ದೂ ತಪ್ಪೇ. ಹಾಲಿನಂಶ ಇರುವ ಹಿಟ್ಟು ಮೇಲ್ಭಾಗದಲ್ಲಿ ಬೇಗ ಕೆಂಪಾಗುತ್ತದೆ. ಅದನ್ನು ನೋಡಿ ಬೆಂದಿದೆ ಅಂತ ಮೋಸ ಹೋಗುತ್ತೇವೆ. ಅರ್ಧ ಗಂಟೆಗೆ ಮೇಲೆ ಒಂದು ಫಾಯಿಲ್ ಹೊದಿಸಿ, ಬಾಗಿಲು ಹಾಕಿ, ಮರೆತುಬಿಡಿ. ಟಿನ್ ಕೆಳಗಿನ ಹಂತದಲ್ಲಿರಲಿ, ಮೇಲಿನ ರಾಡಿನಿಂದ ದೂರ. ಕಡ್ಡಿ ಚುಚ್ಚಿ ನೋಡುವಾಗ ಬಾಳೆಹಣ್ಣಿನ ತುಣುಕು ಅಂಟಿದರೆ ಗಾಬರಿ ಬೇಡ. ಹಸಿ ಹಿಟ್ಟು ಅಂಟಬಾರದು. ಅಂಚು ಟಿನ್ ಬಿಟ್ಟು ಬಂದಿರಬೇಕು, ನಡುವೆ ಬೆರಳಲ್ಲಿ ಒತ್ತಿದರೆ ಪುಟಿದೇಳಬೇಕು. ಥರ್ಮಾಮೀಟರ್ ಇದ್ದರೆ ನಡುವೆ 95 ಡಿಗ್ರಿ ನೋಡಿ.

ಓವನ್ ಇಲ್ಲದವರು ದಪ್ಪ ತಳದ ಹಳೆಯ ಕಡಾಯಿಗೆ ಒಂದು ಇಂಚು ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಬಿಗಿಯಾಗಿ ಮುಚ್ಚಿ ಸಣ್ಣ ಉರಿಯಲ್ಲಿ ಮಾಡಬಹುದು. ಒಂದು ಗಂಟೆ ಹಿಡಿಯುತ್ತದೆ, ಮೇಲೆ ಬಣ್ಣ ಬರುವುದಿಲ್ಲ. ಕುಕ್ಕರನ್ನು ನೀರು ಹಾಕದೆ ಕಾಯಿಸುವುದು ನನಗೆ ಇಷ್ಟವಿಲ್ಲ. ಗ್ಯಾಸ್ಕೆಟ್, ವೆಯ್ಟ್ ತೆಗೆದರೂ ನೀರಿಲ್ಲದೆ ಕಾದ ಕುಕ್ಕರ್ ತಳ ಬಾಗುವ ಸಾಧ್ಯತೆ ಇದೆ.

ಹೊರಗೆ ತೆಗೆದ ಮೇಲೂ ನೀರಿನ ಕಾಟ ಮುಗಿಯುವುದಿಲ್ಲ. ಟಿನ್‌ನಲ್ಲೇ ಬಿಟ್ಟರೆ ಹಬೆ ಕೆಳಗಿಳಿದು ತಳ ಬೆವರುತ್ತದೆ. ಹತ್ತು ನಿಮಿಷಕ್ಕೆ ಹೊರತೆಗೆದು ಜಾಲರಿ ಮೇಲಿಡಿ. ಜಾಲರಿ ಇಲ್ಲದಿದ್ದರೆ ಇಡ್ಲಿ ತಟ್ಟೆ ಬೋರಲು ಹಾಕಿ. ಒಂದು ಗಂಟೆ ಕಳೆಯುವ ತನಕ ಚಾಕು ಮುಟ್ಟಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಇದೇ ಅತ್ಯಂತ ಕಷ್ಟದ ಹೆಜ್ಜೆ, ಗೊತ್ತು.

ಈಗ ಆರೋಗ್ಯದ ಮಾತು. ಮೇಲಿನ ಅಳತೆಯಲ್ಲಿ ಹತ್ತು ಹೋಳು ಮಾಡಿದರೆ ಒಂದೊಂದರಲ್ಲಿ ಹತ್ತಿರ ಹತ್ತಿರ 5 ಗ್ರಾಂ ಪ್ರೋಟೀನ್ ಇರುತ್ತದೆ. ಒಂದು ಲೋಟ ಹಾಲಿನಲ್ಲಿ 6 ಗ್ರಾಂ ಇರುತ್ತದೆ ಅಂತ ಇಟ್ಟುಕೊಳ್ಳಿ. ಒಡೆದ ಹಾಲು ಹಾಕದೆ ಬರೀ ಬಾಳೆಹಣ್ಣಿನ ಕೇಕ್ ಮಾಡಿದ್ದರೆ ಇದರ ಅರ್ಧ ಮಾತ್ರ. ಹಾಲು ಕುಡಿಯಲು ಹಟ ಮಾಡುವ ಮಗುವಿಗೆ ಇದು ಒಳ್ಳೆಯ ದಾರಿ. ಆದರೆ ಬೆಲ್ಲ ಹಾಕಿದೆ, ಸಕ್ಕರೆ ಹಾಕಿಲ್ಲ ಅಂತ ಬೀಗುವ ಹಾಗಿಲ್ಲ. ದೇಹಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ನಾನು ಬೆಲ್ಲ ಹಾಕುವುದು ರುಚಿಗೆ.

ಅತ್ತೆಯವರ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಒಂದು ಹೋಳಿನಲ್ಲಿ ಸುಮಾರು 23 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಒಂದು ಚಪಾತಿಗಿಂತ ತುಸು ಜಾಸ್ತಿ, ಅದರಲ್ಲಿ ಹತ್ತಿರ ಹತ್ತಿರ 10 ಗ್ರಾಂ ಸಿಹಿಯೇ. ಊಟವಾದ ಮೇಲೆ ಮೇಲಿಂದ ಕೊಟ್ಟರೆ ಶುಗರ್ ಏರುತ್ತದೆ. ಅವರಿಗಾಗಿ ಬೆಲ್ಲ ಪೂರ್ತಿ ಬಿಟ್ಟು, ನಾಲ್ಕು ಖರ್ಜೂರ ಗಿರ್ಜೂರ ಅಂತ ಸೇರಿಸದೆ, ಮೇಲೆ ಒಂದು ಹಿಡಿ ಅಕ್ರೋಟ್ ಅಥವಾ ಕಡಲೆಬೀಜ ಹಾಕಿ ಮಾಡಿ. ಸಪ್ಪೆ ಅನ್ನಿಸುವುದಿಲ್ಲ, ಕಪ್ಪಾದ ಹಣ್ಣಿನ ಸಿಹಿಯೇ ಇರುತ್ತದೆ. ಸಂಜೆಯ ಬಿಸ್ಕೆಟ್ ಬದಲಿಗೆ ಅರ್ಧ ಹೋಳು ಕೊಡಿ. ಎರಡು ಗಂಟೆ ಬಿಟ್ಟು ಗ್ಲೂಕೋಮೀಟರ್‌ನಲ್ಲಿ ಒಮ್ಮೆ ನೋಡಿದರೆ ಅವರಿಗೆ ಹೊಂದುತ್ತದೋ ಇಲ್ಲವೋ ಗೊತ್ತಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಮೊದಲು ಅವರ ವೈದ್ಯರನ್ನು ಕೇಳಿ.

ಮಗನ ಡಬ್ಬಿಗೆ ಹಾಕುವಾಗ ಕೇಕ್ ಪೂರ್ತಿ ತಣ್ಣಗಾಗಿರಲಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಒದ್ದೆ ಮುದ್ದೆ. ಇದರಲ್ಲಿ ಹಾಲಿನಂಶ ಇರುವುದರಿಂದ ಒಂದು ದಿನದ ಮೇಲೆ ಹೊರಗಿಡಬೇಡಿ. ಬೇಸಿಗೆಯಲ್ಲಿ ಅಷ್ಟು ಹೊತ್ತೂ ಬೇಡ. ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ, ನಿಜ ಹೇಳಬೇಕೆಂದರೆ ಎರಡನೇ ದಿನವೇ ರುಚಿ ಜಾಸ್ತಿ. ಉಳಿದದ್ದನ್ನು ಹೋಳು ಮಾಡಿ, ನಡುವೆ ಬಟರ್ ಪೇಪರ್ ಇಟ್ಟು ಫ್ರೀಜರ್‌ಗೆ ಹಾಕಿ. ಬೆಳಿಗ್ಗೆ ಎದ್ದು ಕಾವಲಿಗೆ ಒಂದು ತೊಟ್ಟು ತುಪ್ಪ ಸವರಿ, ಎರಡೂ ಕಡೆ ಕೆಂಪಗೆ ಮಾಡಿ, ಆರಲು ಬಿಟ್ಟು ಡಬ್ಬಿಗೆ ಹಾಕಿ.